ಬಟ್ಲರಜ್ಜ ಯಾಕೆ ನಗಲಿಲ್ಲ

ಹೋದ ಡಿಸೆಂಬರ್ 31ರ ರಾತ್ರಿ ನಮ್ಮ ಹೋಂಸ್ಟೇಯಲ್ಲಿ ಇದ್ದದ್ದು ಒಂದೇ ಜೋಡಿ, ಜರ್ಮನಿಯವರು. ಕೊಡಗಿನ ಕಕ್ಕಬ್ಬೆ ಕಡೆಯ ಚಳಿ ಗೊತ್ತಲ್ಲ, ಅಂಗಳದಲ್ಲಿ ಹಾಕಿದ ಬೆಂಕಿ ಬಿಟ್ಟು ಯಾರೂ ಏಳುವುದಿಲ್ಲ. ಆದರೆ ಎಂಟು ಗಂಟೆ ಹೊತ್ತಿಗೆ ಆಯಮ್ಮ ಎದ್ದು ಬಂದು, ನಿಮ್ಮ ಟಿವಿಗೆ ನಮ್ಮ ಫೋನ್ ಹಾಕಿಕೊಳ್ಳಬಹುದಾ ಅಂತ ಕೇಳಿದರು. ಹದಿನೆಂಟೇ ನಿಮಿಷದ್ದಂತೆ. ಅದನ್ನು ನೋಡದಿದ್ದರೆ ಅವರ ಕಡೆ ಹೊಸ ವರ್ಷ ಹುಟ್ಟುವುದೇ ಇಲ್ಲವಂತೆ. ಸರಿ, ಎಲ್ಲರೂ ಒಳಗೆ ಬಂದು ಕೂತೆವು. ಅವರಿಬ್ಬರು, ನಾನು, ನಮ್ಮವರು, ಅಡುಗೆಗೆ ಬರುವ ಹುಡುಗಿ, ಮತ್ತೆ ಬಟ್ಲರಜ್ಜ.

ಬಟ್ಲರಜ್ಜನಿಗೆ ಈಗ ಎಂಬತ್ತು ದಾಟಿದೆ. ಸಿದ್ದಾಪುರ ಕಡೆಯ ಒಂದು ದೊಡ್ಡ ಎಸ್ಟೇಟಿನ ಬಂಗಲೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಬಟ್ಲರಾಗಿದ್ದವರು. ಈಗ ಮಗನ ಜೊತೆ ನಮ್ಮ ತೋಟದ ಪಕ್ಕದಲ್ಲೇ ಇದ್ದಾರೆ. ಸಂಜೆಯಾದರೆ ನಮ್ಮ ಅಡುಗೆಮನೆಗೆ ಬಂದು, ಚಮಚ ಹೇಗೆ ಇಡಬೇಕು ಅನ್ನುವುದನ್ನು ನನಗೆ ಹೇಳಿಕೊಡದೆ ಹೋದ ದಿನವಿಲ್ಲ.

ಟಿವಿಯಲ್ಲಿ ಬಂದದ್ದು ಕಪ್ಪುಬಿಳುಪಿನ ಒಂದು ಪ್ರಹಸನ, 'ಡಿನ್ನರ್ ಫಾರ್ ಒನ್'. ಶ್ರೀಮಂತ ಮುದುಕಿಯೊಬ್ಬಳ ತೊಂಬತ್ತನೇ ಹುಟ್ಟುಹಬ್ಬ. ಮೇಜಿನ ಸುತ್ತ ನಾಲ್ಕು ಗೆಳೆಯರಿಗೆ ತಟ್ಟೆ ಇಟ್ಟಿದೆ. ನಾಲ್ವರೂ ಸತ್ತು ಎಷ್ಟೋ ಕಾಲವಾಗಿದೆ. ಮುದಿ ಬಟ್ಲರ್ ಜೇಮ್ಸ್ ಸೂಪು, ಮೀನು, ಕೋಳಿ, ಹಣ್ಣು ಅಂತ ನಾಲ್ಕು ಸಲ ಬಡಿಸುತ್ತಾನೆ. ಪ್ರತಿ ಸಲವೂ ಬೇರೆ ಬೇರೆ ಪಾನೀಯ: ಶೆರಿ, ಬಿಳಿ ವೈನ್, ಶಾಂಪೇನ್, ಪೋರ್ಟ್. ಇಲ್ಲದ ಅತಿಥಿಗಳ ಪರವಾಗಿ ಅಮ್ಮಾವ್ರ ಆರೋಗ್ಯಕ್ಕೆ ಕುಡಿಯುವುದೂ ಅವನದೇ ಕೆಲಸ. ಪ್ರತಿ ಸುತ್ತಿಗೂ ಮೊದಲು ಕೇಳುತ್ತಾನೆ, ಹೋದ ವರ್ಷದ ಕ್ರಮವೇನಾ ಅಂತ. ಪ್ರತಿ ವರ್ಷದ ಕ್ರಮವೇ ಜೇಮ್ಸ್, ಅನ್ನುತ್ತಾಳೆ ಅವಳು. ನೆಲಕ್ಕೆ ಹಾಸಿದ ಹುಲಿ ಚರ್ಮದ ತಲೆಯನ್ನು ಹೋಗುತ್ತಾ ಬರುತ್ತಾ ಎಡವುತ್ತಾನೆ. ಕೊನೆಗೆ ನಾಲಿಗೆಯೂ ನಿಲ್ಲುವುದಿಲ್ಲ, ಕಾಲೂ ನಿಲ್ಲುವುದಿಲ್ಲ.

ಜರ್ಮನ್ ದಂಪತಿ ಪ್ರತಿ ಮಾತನ್ನೂ ಅವನಿಗಿಂತ ಮೊದಲೇ ಹೇಳುತ್ತಾ ಹೊಟ್ಟೆ ಹಿಡಿದು ನಗುತ್ತಿದ್ದರು. ನಮ್ಮವರು ಮೂರನೇ ಸಲ ಎಡವಿದ್ದಕ್ಕೆ ನಕ್ಕರು. ನಾನು ಬಟ್ಲರಜ್ಜನಿಗೆ ಮೆಲ್ಲಗೆ ಕನ್ನಡದಲ್ಲಿ ಹೇಳುತ್ತಾ ಕೂತಿದ್ದೆ. (ಕೊನೆಯ ಒಂದು ಮಾತು ಬಿಟ್ಟು. ಅದು ಅಜ್ಜನಿಗೆ ಹೇಳುವಂಥದಲ್ಲ.) ಅವರು ಇಂಟರ್‌ವ್ಯೂಗೆ ಬಂದವರ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತು ನೋಡಿದರು. ಸೂಪಿನ ಹೆಸರು ಬಂದಾಗ ಮಾತ್ರ ಮುಖ ಅರಳಿತು. "ಮುಲ್ಲಿಗಟಾನಿ! ನಾನು ವಾರಕ್ಕೆರಡು ಸಲ ಮಾಡ್ತಿದ್ದೆ." ತಮಿಳಿನ ಮಿಳಗು ತಣ್ಣೀರು, ಅಂದರೆ ಮೆಣಸಿನ ನೀರು, ಇಂಗ್ಲಿಷರ ಬಾಯಲ್ಲಿ ಹಾಗಾದದ್ದು. ನಮ್ಮ ಮರದ ಮೇಲಿನ ಬಳ್ಳಿಯ ಮೆಣಸು ಈ ಪ್ರಹಸನ ಚಿತ್ರೀಕರಿಸಿದ ಜರ್ಮನಿಯ ಹ್ಯಾಂಬರ್ಗ್ ಸುತ್ತಿ ಮತ್ತೆ ನಮ್ಮ ಹಾಲ್‌ಗೇ ಬಂದಿತ್ತು.

ಮುಗಿದ ಮೇಲೆ ಆಯಮ್ಮ ಕಣ್ಣೊರೆಸಿಕೊಂಡು, ಅಜ್ಜನಿಗೆ ಹಿಡಿಸಲಿಲ್ಲವಾ ಅಂತ ನನ್ನನ್ನು ಕೇಳಿದರು. ನಾನು ಅಜ್ಜನನ್ನು ಕೇಳಿದೆ.

"ಚೆನ್ನಾಗಿದೆಯಮ್ಮಾ. ಸತ್ತವರಿಗೆ ಮರೀದೆ ಇಡ್ತಾರಲ್ಲ, ಒಳ್ಳೇ ಮನೆತನ. ಆದ್ರೆ ಹುಲಿ ಚರ್ಮ ಹಾಸಿದ್ದು ಯಾರು? ತಲೆ ಗೋಡೆ ಕಡೆಗೆ ಬರ್ಬೇಕು. ಅಷ್ಟೂ ಗೊತ್ತಿಲ್ಲ."

ಇದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಒಂದು ಕ್ಷಣ ಸುಮ್ಮನಿದ್ದ ಆ ಗಂಡಸು, ಆಮೇಲೆ ಅಷ್ಟು ಹೊತ್ತು ನಕ್ಕದ್ದಕ್ಕಿಂತ ಜೋರಾಗಿ ನಗತೊಡಗಿದ. ಅಜ್ಜ ಒಳ್ಳೇ ಜೋಕು ಹೊಡೆದರು ಅಂತ ಅವನ ಲೆಕ್ಕ. ಅಜ್ಜನಿಗೆ ಅವನು ಯಾಕೆ ನಗುತ್ತಿದ್ದಾನೆ ಗೊತ್ತಾಗಲಿಲ್ಲ. ಗೊತ್ತಾಗಿದ್ದ ನಾನೊಬ್ಬಳೇ ನಡುವೆ ಸಿಕ್ಕಿಕೊಂಡು, ಯಾರ ಕಡೆಗೂ ನಗಲಾರದೆ ಕಾಫಿ ತರಲು ಎದ್ದು ಹೋದೆ.

ಆವತ್ತಿಂದ ಇದು ತಲೆಯಲ್ಲಿ ಕೊರೆಯುತ್ತಲೇ ಇದೆ.

ಪ್ರತಿ ವರ್ಷದ ಕ್ರಮ

ಅತಿಥಿಗಳು ಹೋದ ಮೇಲೆ ನಾನೂ ಸ್ವಲ್ಪ ಹುಡುಕಿ ಓದಿದೆ. ತಮಾಷೆಯೆಂದರೆ ಅದು ಜರ್ಮನ್ ಪ್ರಹಸನವೇ ಅಲ್ಲ. ಇಂಗ್ಲಿಷರದ್ದು, ಇಂಗ್ಲಿಷಿನಲ್ಲೇ ಇದೆ. ಜೇಮ್ಸ್ ಆಗಿರುವ ಫ್ರೆಡ್ಡಿ ಫ್ರಿಂಟನ್, ಮುದುಕಿಯಾಗಿರುವ ಮೇ ವಾರ್ಡನ್ ಇಬ್ಬರೂ ಇಂಗ್ಲೆಂಡಿನ ರಂಗದವರು. 1963ರಲ್ಲಿ ಉತ್ತರ ಜರ್ಮನಿಯ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಡಿಆರ್ ಅದನ್ನು ಹ್ಯಾಂಬರ್ಗಿನಲ್ಲಿ ಪ್ರೇಕ್ಷಕರ ಎದುರು ಆಡಿಸಿ ಚಿತ್ರೀಕರಿಸಿತು. 1972ರಿಂದ ಪ್ರತಿ ಡಿಸೆಂಬರ್ 31ಕ್ಕೆ ತಪ್ಪದೆ ಬರುತ್ತಿದೆ. ಶುರುವಿನಲ್ಲಿ ಒಬ್ಬ ಬಂದು ಜರ್ಮನ್ ಭಾಷೆಯಲ್ಲಿ ಕತೆಯನ್ನು ವಿವರಿಸುತ್ತಾನೆ, ಆಮೇಲೆಲ್ಲ ಇಂಗ್ಲಿಷೇ, ಡಬ್ಬಿಂಗ್ ಇಲ್ಲ. ಫ್ರಿಂಟನ್ 1968ರಲ್ಲೇ ತೀರಿಕೊಂಡ, ತಾನೊಂದು ದೇಶದ ಹೊಸವರ್ಷದ ಶಾಸ್ತ್ರವೇ ಆಗಿಬಿಟ್ಟದ್ದನ್ನು ಅವನು ನೋಡಲೇ ಇಲ್ಲ. ಇಂಗ್ಲೆಂಡಿನ ಟಿವಿಯಲ್ಲಿ ಅದು ಮೊದಲು ಬಂದದ್ದೇ 2018ರಲ್ಲಿ. ಹುಟ್ಟಿದ ಊರಿನವರಿಗೆ ಗೊತ್ತಿಲ್ಲದ ನಗು, ಭಾಷೆ ಬೇರೆಯಾದ ಊರಿನಲ್ಲಿ ಮನೆಮನೆಯ ನಗು. 'ಬ್ರಿಟಿಷರ ಹಾಸ್ಯ ಒಣಗಿದ್ದು', 'ಜರ್ಮನರಿಗೆ ನಗಲು ಬರುವುದಿಲ್ಲ' ಅಂತೆಲ್ಲ ಪುಸ್ತಕ ಬರೆಯುವವರು ಇದನ್ನು ಎಲ್ಲಿ ಇಡುತ್ತಾರೋ.

ನಮ್ಮ ಅತಿಥಿ ಆ ಪ್ರಸಾರ ಸಂಸ್ಥೆಗಳ ಬಗ್ಗೆ ಗೊಣಗಿದ್ದೂ ನೆನಪಾಗುತ್ತದೆ. ಅಲ್ಲಿ ಟಿವಿ ಇರಲಿ ಬಿಡಲಿ, ಪ್ರತಿ ಮನೆಯವರೂ ತಿಂಗಳಿಗೆ 18.36 ಯೂರೊ ಕಟ್ಟಬೇಕು. ಅಷ್ಟು ಕಟ್ಟಿ ಅರವತ್ತು ವರ್ಷ ಹಳೆಯ ಕಪ್ಪುಬಿಳುಪು ನೋಡುತ್ತೀರಲ್ಲ ಅಂದೆ. ಅದೊಂದಕ್ಕಾದರೆ ಕಟ್ಟುತ್ತೇನೆ, ಉಳಿದದ್ದಕ್ಕೆ ಅಲ್ಲ ಅಂದ. ನಮ್ಮಲ್ಲೂ ರೇಡಿಯೊ ಇಟ್ಟುಕೊಂಡವರು ಪೋಸ್ಟಾಫೀಸಿಗೆ ಹೋಗಿ ಲೈಸೆನ್ಸ್ ಹಣ ಕಟ್ಟುವ ಕಾಲವಿತ್ತು. ನಮ್ಮಜ್ಜನ ಪೆಟ್ಟಿಗೆಯಲ್ಲಿ ಆ ಚಿಕ್ಕ ಪುಸ್ತಕ ಇನ್ನೂ ಇದೆ.

ಈಗ ಸತ್ತವರ ವಿಷಯ. ನಾಲ್ಕು ಖಾಲಿ ಕುರ್ಚಿಗೆ ಬಡಿಸುವುದು ಹ್ಯಾಂಬರ್ಗಿನಲ್ಲಿ ಹುಚ್ಚುತನ, ಅದಕ್ಕೇ ನಗು. ನಮ್ಮ ಊರಿನಲ್ಲಿ ಅದು ಹುಚ್ಚಲ್ಲವಲ್ಲ! ನಮ್ಮದು ಅರೆಭಾಷೆ, ಅಂದರೆ ಕೊಡಗಿನ ಗೌಡರ ಮಾತು, ಆಡುವ ಮನೆ, ಹಿರಿಯರಿಗೆ ಬಡಿಸುವುದು ಅನ್ನುತ್ತೇವೆ. ಪಕ್ಕದ ಕೊಡವರ ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲ ಮನೆಯಲ್ಲಿ, ಇದಕ್ಕೇ ಕಾರಣಂಗ್ ಕೊಡ್ಪ ಅನ್ನುತ್ತಾರೆ. ಬಾಳೆಲೆ ಹಾಕಿ, ಕೋಳಿ, ಹಂದಿ, ಕಡುಬು, ಗ್ಲಾಸಿನಲ್ಲಿ ಕುಡಿಯುವುದು, ಎಲ್ಲ ಇಟ್ಟು, ಬಾಗಿಲು ಮುಂದೆ ಮಾಡಿ ಹೊರಗೆ ಕಾಯುತ್ತೇವೆ. ನಮ್ಮಜ್ಜನಿಗೆ ಮಿಲಿಟರಿ ರಮ್ಮೇ ಆಗಬೇಕು, ಅವರಣ್ಣನಿಗೆ ಬ್ರಾಂದಿ. ಒಂದು ವರ್ಷ ಬ್ರಾಂದಿ ಸಿಗದೆ ಇಬ್ಬರಿಗೂ ರಮ್ಮು ಇಟ್ಟದ್ದಕ್ಕೆ ನಮ್ಮತ್ತೆ ವಾರವೆಲ್ಲ ಮುಖ ಊದಿಸಿಕೊಂಡಿದ್ದರು, ದೊಡ್ಡವರು ಹಸಿದು ಹೋದರು ಅಂತ. ಆಮೇಲೆ ಆ ಗ್ಲಾಸು ಯಾರ ಹೊಟ್ಟೆ ಸೇರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು, ಯಾರೂ ಕೇಳುವುದಿಲ್ಲ. ಬಟ್ಲರಜ್ಜ ನೋಡಿದ್ದು ಇದನ್ನೇ. ದೊಡ್ಡ ಮನೆಯ ಒಂದು ಶಾಸ್ತ್ರ, ಶಾಸ್ತ್ರ ಮಾಡಿಸುವ ಆಳಿಗೆ ಸ್ವಲ್ಪ ಹೆಚ್ಚಾಗಿದೆ. ಅದಕ್ಕೆ ನಗುವುದೇನು?

ಹವಾಲ್ದಾರ್ ಮಾವ ಮೊದಲು ನಗುತ್ತಿದ್ದರು

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ನಮ್ಮ ಸುತ್ತಿನ ಏಳೆಂಟು ಮನೆಗೆ ಸೇರಿ ಒಂದೇ ಟಿವಿ, ಹವಾಲ್ದಾರ್ ಮಾವನ ಮನೆಯಲ್ಲಿ. ಪೆನ್ಷನ್ ಬಂದ ಮೇಲೆ ತಂದದ್ದು. ಸಿಲ್ವರ್ ಮರದ ತುದಿಗೆ ಆಂಟೆನಾ, ಗಾಳಿ ಬಂದರೆ ಒಬ್ಬ ಹುಡುಗ ಕೆಳಗೆ ನಿಂತು ಗಳ ತಿರುಗಿಸಬೇಕು, "ಬಂತಾ?", "ಇಲ್ಲ", "ಈಗ?", "ಬಂತು, ಹೋಯ್ತು". ಮಳೆಗಾಲದಲ್ಲಂತೂ ಕರೆಂಟೇ ಇಲ್ಲ, ಟಿವಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದರು. ಕರೆಂಟು ಇದ್ದ ಶುಕ್ರವಾರ ರಾತ್ರಿ ದೂರದರ್ಶನದ ಹಿಂದಿ ಹಾಸ್ಯ ಧಾರಾವಾಹಿ 'ಯೇ ಜೋ ಹೈ ಜಿಂದಗಿ'. ಕುಂದನ್ ಶಾ ನಿರ್ದೇಶನ, ಶರದ್ ಜೋಶಿ ಬರವಣಿಗೆ ಅನ್ನುವುದೆಲ್ಲ ನನಗೆ ಗೊತ್ತಾದದ್ದು ದೊಡ್ಡವಳಾದ ಮೇಲೆ. ಆಗ ಗೊತ್ತಿದ್ದದ್ದು ಒಂದೇ: ಆ ಹಿಂದಿ ನಮಗ್ಯಾರಿಗೂ ತಿಳಿಯುವುದಿಲ್ಲ, ಮಾವನಿಗೆ ತಿಳಿಯುತ್ತದೆ. ಮಾವ ಪಟ್ಟಾಗಿ ಕೂತು ಕೇಳಿ ಮೊದಲು ತಾವು ನಗುತ್ತಿದ್ದರು. ಆಮೇಲೆ ನಮ್ಮ ಕಡೆ ತಿರುಗಿ ಹೇಳುತ್ತಿದ್ದರು. ಆಗ ನಾವು ನಗುತ್ತಿದ್ದೆವು. ಅಷ್ಟರಲ್ಲಿ ಮುಂದಿನ ಎರಡು ಜೋಕು ಹೋಗಿರುತ್ತಿತ್ತು. ನಗುವೇ ಕಂತಿನಲ್ಲಿ ಬರುತ್ತಿತ್ತು.

ಆ ಧಾರಾವಾಹಿಯಲ್ಲಿ ಸತೀಶ್ ಶಾ ಪ್ರತಿ ವಾರ ಬೇರೆ ಬೇರೆ ಪಾತ್ರದಲ್ಲಿ ಬರುತ್ತಿದ್ದ. ನಮ್ಮಜ್ಜಿಗೆ ಇದನ್ನು ಯಾರೂ ಹೇಳಿರಲಿಲ್ಲ. ನಾಲ್ಕನೇ ವಾರ ಅವನು ಬಾಗಿಲಲ್ಲಿ ಕಂಡದ್ದೇ ಅಜ್ಜಿ ಎದ್ದು ನಿಂತು, "ಅಯ್ಯೋ, ಇವ ಮತ್ತೆ ಬಂದ. ಪ್ರತಿ ವಾರ ವೇಷ ಹಾಕ್ಕೊಂಡು ಈ ಮನೆಗೇ ಬರ್ತಾನೆ, ಇವಕ್ಕೆ ಗೊತ್ತೇ ಆಗೂದಿಲ್ಲ, ಯಾರಾದ್ರೂ ಹೇಳಿ" ಅಂದರು. ಆವತ್ತು ಮಾವ ನಕ್ಕ ನಗುವಿಗೆ ಅನುವಾದ ಬೇಕಾಗಲಿಲ್ಲ.

ಹಿಂದಿ ಬಂದ ಮೇಲೆ, ಈಚೆಗೆ, ಅದರ ಕೆಲವು ಕಂತುಗಳನ್ನು ಯೂಟ್ಯೂಬಿನಲ್ಲಿ ಹಾಕಿ ನೋಡಿದೆ. ಮಾವ ಹೇಳಿದ ಜೋಕು ಒಂದೂ ಸಿಗಲಿಲ್ಲ. ಮಾವನ ಪ್ರಕಾರ ಆ ಗಂಡ ಆಫೀಸಿನಲ್ಲಿ ಸಿಒ (ಕಮಾಂಡಿಂಗ್ ಆಫೀಸರ್) ಸಾಹೇಬರಿಗೆ ಹೆದರಿ ರಜೆ ಕೇಳುವುದಿಲ್ಲ, ಮನೆಯಲ್ಲಿ ಹೆಂಡತಿ ಸುಬೇದಾರ್ ಮೇಜರು, ಭಾವಮೈದ ಹೊಸದಾಗಿ ಭರ್ತಿಯಾದ ರಂಗರೂಟು. ಮುಂಬಯಿಯ ಮನೆಯೊಂದನ್ನು ಪೂರ್ತಿ ರೆಜಿಮೆಂಟ್ ಮಾಡಿ ನಮ್ಮ ಮುಂದೆ ಇಟ್ಟಿದ್ದರು. ಮನೆಗೊಬ್ಬ ಮಿಲಿಟರಿಯವ ಇರುವ ಊರು ನಮ್ಮದು, ಸಿಒ ಸಾಹೇಬರೆಂದರೆ ಏನು ಅಂತ ಮಕ್ಕಳಿಗೂ ಗೊತ್ತು. ನಗು ಬಾರದೆ ಇರುತ್ತದೆಯೇ? ಬೇಕೆಂದೇ ಮಾಡುತ್ತಿದ್ದರೋ, ಅವರಿಗೆ ಹಾಗೇ ಕೇಳಿಸುತ್ತಿತ್ತೋ, ಕೇಳೋಣವೆಂದರೆ ಮಾವ ಈಗಿಲ್ಲ.

ಟಿವಿಯ ಹಿಂದೆ ನಗುವ ಜನರನ್ನು ಕೂರಿಸುವ ಯಂತ್ರವೊಂದನ್ನು ಅಮೆರಿಕದಲ್ಲಿ 1950ರ ದಶಕದಲ್ಲಿ ಚಾರ್ಲ್ಸ್ ಡಗ್ಲಸ್ ಅನ್ನುವ ಸೌಂಡ್ ಎಂಜಿನಿಯರ್ ಮಾಡಿದ್ದ. ಗುಂಡಿ ಒತ್ತಿದರೆ ಡಬ್ಬಿಯಿಂದ ನಗು. ಕೊರಿಯಾ ಯುದ್ಧದ ಆಸ್ಪತ್ರೆಯ ಕತೆ 'ಮ್ಯಾಶ್' ಅಮೆರಿಕದಲ್ಲಿ ಈ ನಗುವಿನ ಜೊತೆಗೇ ಬಂತು, ಆಪರೇಷನ್ ನಡೆಯುವ ದೃಶ್ಯ ಬಿಟ್ಟು. ಬ್ರಿಟನ್ನಿನಲ್ಲಿ ಬಿಬಿಸಿ ಆ ಡಬ್ಬಿ ನಗುವನ್ನು ತೆಗೆದು ತೋರಿಸಿತು. ಅದೇ ಮಾತು, ಅದೇ ನಟರು, ಒಂದು ದೇಶ ಕಾಮಿಡಿ ನೋಡಿತು, ಇನ್ನೊಂದು ದೇಶ ಯುದ್ಧ ನೋಡಿತು. ನಗಲು ಯಾರಾದರೂ ಪಕ್ಕದಲ್ಲಿ ಕೂತು ಅಪ್ಪಣೆ ಕೊಡಬೇಕೇನೋ. ನಮಗೆ ಡಬ್ಬಿ ಬೇಕಿರಲಿಲ್ಲ, ಹವಾಲ್ದಾರ್ ಮಾವ ಇದ್ದರು.

ನರಿಗೆ ಮದುವೆ

ಡಿಗ್ರಿಗೆ ಮೈಸೂರಿನ ಹಾಸ್ಟೆಲಿಗೆ ಹೋದಾಗ ಒಂದು ರಾತ್ರಿ, ನಮ್ಮ ಕಡೆ ಹಿಂದೆ ಹುಲಿ ಹೊಡೆದವನನ್ನು ಸತ್ತ ಹುಲಿಯ ಪಕ್ಕ ಕೂರಿಸಿ ಮದುವೆಯ ಹಾಗೇ ಅಕ್ಕಿ ಹಾಕಿ ಶಾಸ್ತ್ರ ಮಾಡುತ್ತಿದ್ದರು, ಅದಕ್ಕೆ ನರಿ ಮಂಗಲ ಅನ್ನುತ್ತಾರೆ ಅಂದೆ. 'ನರಿ' ಅಂದದ್ದೇ ತಡ, ಇಡೀ ರೂಮು ಬಿದ್ದು ಬಿದ್ದು ನಕ್ಕಿತು. ಬಿಸಿಲು ಮಳೆ ಒಟ್ಟಿಗೆ ಬಂದರೆ ನರಿ ಮದುವೆ ಅನ್ನುವ ಊರಿನವರು ಅವರು. ಕೊಡವ ತಕ್ಕ್‌ನಲ್ಲಿ ನರಿ ಅಂದರೆ ಹುಲಿ ಕಣ್ರೇ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಮೂರು ವರ್ಷ ನನ್ನನ್ನು 'ನರಿ ಬೀಗಿತ್ತಿ' ಅಂತಲೇ ಕರೆದರು. ಒಂದೇ ರಾಜ್ಯ, ನೂರಿಪ್ಪತ್ತು ಕಿಲೋಮೀಟರು. ರಾಷ್ಟ್ರಕ್ಕೊಂದು ಹಾಸ್ಯಪ್ರಜ್ಞೆ ಅನ್ನುವವರು ಮೊದಲು ಕುಶಾಲನಗರದ ಸೇತುವೆ ದಾಟಿ ನೋಡಲಿ.

ಕನ್ನಡದ ಖಾಸಗಿ ಚಾನೆಲ್‌ಗಳಲ್ಲಿ 'ಸಿಲ್ಲಿ ಲಲ್ಲಿ', 'ಪಾಪ ಪಾಂಡು' ಬಂದಾಗ ನಾನೂ ಬಿಡದೆ ನೋಡಿದವಳೇ. ಗಂಡನನ್ನು ಹೊಡೆಯುವ ಶ್ರೀಮತಿಗೆ ನಮ್ಮತ್ತೆಯೂ ಅಭಿಮಾನಿ. ಈಗಿನ ಕಾಮಿಡಿ ಶೋಗಳ ಬಗ್ಗೆ ಮಾತ್ರ ಒಂದು ತಕರಾರಿದೆ. ಮಂಗಳೂರಿನವರು ಬಂದರೆ "ಎಂತ ಮಾರಾಯ್ರೆ", ಉತ್ತರ ಕರ್ನಾಟಕದವರು ಬಂದರೆ "ಏನಲೇ", ಅಷ್ಟಕ್ಕೇ ಚಪ್ಪಾಳೆ. ಕೊಡಗಿನವರು ಬಂದರೆ ಭಾಷೆಯೂ ಬೇಡ, ಸೊಂಟಕ್ಕೊಂದು ಪೀಚೆಕತ್ತಿ, ಕೈಗೊಂದು ಬಾಟ್ಲಿ. ಮಾತಾಡುವ ರೀತಿಯೇ ಜೋಕು ಅಂದುಕೊಳ್ಳುವುದು ಸೋಮಾರಿತನ. ಬರೆಯುವವರಿಗೆ ಜೋಕು ಹೊಳೆಯಲಿಲ್ಲ, ಅದಕ್ಕೆ ನಮ್ಮ ನಾಲಿಗೆ ತಂದಿಟ್ಟರು.

ಈ ವಿಷಯದಲ್ಲಿ ಮಡಿಕೇರಿ ಆಕಾಶವಾಣಿಯನ್ನು ಮೆಚ್ಚಬೇಕು. ಕನ್ನಡ, ಕೊಡವ, ಅರೆಭಾಷೆ ಮೂರೂ ಅಲ್ಲಿ ಬರುತ್ತವೆ. ನಮ್ಮ ಭಾಷೆ ಅಲ್ಲಿ ತಮಾಷೆಯ ವಸ್ತುವಲ್ಲ, ತಮಾಷೆ ಮಾಡುವ ಭಾಷೆ. ಮಳೆಗಾಲದಲ್ಲಿ ಕರೆಂಟಿಲ್ಲದ ವಾರಗಳಲ್ಲಿ ಸೆಲ್ ಹಾಕಿದ ರೇಡಿಯೊದಿಂದ ಅರೆಭಾಷೆಯ ಪ್ರಹಸನ ಬಂದಾಗ, ಒಲೆ ಮುಂದೆ ಕೂತ ಅಮ್ಮ "ಇದು ನಮ್ಮ ಅತ್ತಿಗೆ ಹೇಳ್ದಾಂಗೇ ಉಟ್ಟಲ್ಲ" ಅಂದು ನಕ್ಕದ್ದು ನೆನಪಿದೆ. ಜೋಕೇನು ಅಂತ ಮರೆತಿದೆ.

ಆದರೆ ಸರ್ಕಾರಿ ಪ್ರಸಾರಕ್ಕೂ ಒಂದು ಬೇಲಿಯಿದೆ. ಮೇ ತಿಂಗಳಲ್ಲಿ ದೇವರಪುರದಲ್ಲಿ ನಡೆಯುವ ಕುಂಡೆ ಹಬ್ಬವನ್ನು ಹಾಗೇ ಹಸಿಯಾಗಿ ಹಾಕಲು ಯಾವ ಆಕಾಶವಾಣಿಗೂ ಸಾಧ್ಯವಿಲ್ಲ. ಇಲ್ಲಿನ ಆದಿವಾಸಿಗಳಾದ ಜೇನುಕುರುಬರು, ಯರವರು ಹೆಣ್ಣುವೇಷ, ಭೂತವೇಷ ಹಾಕಿ, ಡಬ್ಬ ಬಡಿಯುತ್ತಾ ದಾರಿಯಲ್ಲಿ ಗಾಡಿ ನಿಲ್ಲಿಸಿ ಬೈದು ದುಡ್ಡು ಕೇಳುತ್ತಾರೆ. ಬೈಗುಳವೆಂದರೆ ಸುಮ್ಮನೆ ಬೈಗುಳವಲ್ಲ, ಕಿವಿ ಮುಚ್ಚಿಕೊಳ್ಳಬೇಕು. ದೇವರಿಗೂ ಬಿಡುವುದಿಲ್ಲ. ತಮ್ಮನ್ನು ಕಾಡಿಗೆ ಕರೆತಂದ ಅಯ್ಯಪ್ಪ, ಭದ್ರಕಾಳಿಯ ಹಿಂದೆ ಹೋಗಿ ತಮ್ಮನ್ನು ನಡುನೀರಲ್ಲಿ ಬಿಟ್ಟ ಅಂತ ಅವರ ಸಿಟ್ಟು. ಒಮ್ಮೆ ನಮ್ಮ ಜೀಪು ನಿಲ್ಲಿಸಿದರು. ಹಿಂದಿನ ದಿನದವರೆಗೂ ತೋಟದಲ್ಲಿ ಕೆಲಸ ಮಾಡಿದ, ತಲೆ ಎತ್ತಿ ಮಾತಾಡದ ಹುಡುಗನೊಬ್ಬ ಹರಿದ ಸೀರೆ ಉಟ್ಟು, ನಮ್ಮ ಯಜಮಾನರ ಮುಖಕ್ಕೇ ಮುಖ ತಂದು, ಅವರು ಕೂಲಿ ಎಣಿಸುವ ರೀತಿಯ ಬಗ್ಗೆ ಒಂದು ಪದ ಕಟ್ಟಿ ಹಾಡಿದ. ಇಲ್ಲಿ ಬರೆಯುವ ಹಾಗಿಲ್ಲ. ಅವನ ಕಡೆಯವರೆಲ್ಲ ನಕ್ಕರು. ನಮ್ಮವರೂ ನಕ್ಕರು, ಸ್ವಲ್ಪ ತಡವಾಗಿ. ಮರುವಾರ ಅದೇ ಹುಡುಗ ಕಂಕುಳಲ್ಲಿ ಟವೆಲ್ಲು ಸಿಕ್ಕಿಸಿಕೊಂಡು ದೂರದಲ್ಲೇ ನಿಂತಿದ್ದ. ಆದರೆ ಆ ಶನಿವಾರ ನಮ್ಮವರು ಕೂಲಿ ಎಣಿಸುವಾಗ ಎರಡು ಸಲ ಎಣಿಸಿ ಕೊಟ್ಟದ್ದನ್ನು ನಾನು ನೋಡಿದೆ.

ಪೆನ್ಸಿಲ್ ಗೆರೆ

ಫೆಬ್ರವರಿಯಲ್ಲಿ ಕಣದಲ್ಲಿ ಕಾಫಿ ಒಣಗುತ್ತಿತ್ತು. ನಾನು ಗೋರೆ ಹಿಡಿದು ಚೆರ್ರಿ ತಿರುವುತ್ತಿದ್ದೆ. ಬಟ್ಲರಜ್ಜ ಕೋಳಿ ಓಡಿಸಲು ಕೋಲು ಹಿಡಿದು ಕಟ್ಟೆಯ ಮೇಲೆ ಕೂತಿದ್ದರು. ಇದ್ದಕ್ಕಿದ್ದ ಹಾಗೆ ಒಬ್ಬರೇ ನಗತೊಡಗಿದರು. ಏನಜ್ಜ ಅಂದರೆ ಕೈ ಆಡಿಸುತ್ತಾರೆ, ಮಾತು ಬರುತ್ತಿಲ್ಲ. ನನಗೆ ಗಾಬರಿಯಾಗಿ ನೀರು ತಂದುಕೊಟ್ಟೆ.

"ಆವತ್ತು ಟಿವೀಲಿ ಒಬ್ಬ ಬಟ್ಲರ್ ಇದ್ನಲ್ಲಮ್ಮಾ."

"ಹೌದು, ಹುಲಿ ತಲೆ ಎಡವಿದವ."

"ಎಡವಿದ್ದು ಬಿಡಿ. ಎದುರಿಗೇ ಕುಡೀತಾನಲ್ಲ! ಆಯಮ್ಮ ಕೂತು ನೋಡ್ತಾ ಇದ್ದಾರೆ, ಅವರೆದುರಿಗೇ!"

ಆಮೇಲೆ ಸಾವಕಾಶವಾಗಿ ಹೇಳಿದರು. ಬಂಗಲೆಯ ದೊಡ್ಡ ಸಾಹೇಬರು ರಾತ್ರಿ ಮಲಗುವ ಮೊದಲು ಪ್ರತಿ ಬಾಟಲಿಯ ಲೇಬಲ್ ಮೇಲೆ, ಎಲ್ಲಿಯವರೆಗೆ ಇದೆಯೋ ಅಲ್ಲಿಗೆ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದರಂತೆ. ಬೆಳಿಗ್ಗೆ ಎದ್ದು ಕಾಫಿಗೂ ಮೊದಲು ಅದನ್ನೇ ನೋಡುವುದು. ಇಳಿದಿದ್ದರೆ ಸಂಬಳದಲ್ಲಿ ಕಡಿತ. ಮೂವತ್ತು ವರ್ಷ ಆ ಗೆರೆ ಅಜ್ಜನ ಕನಸಿನಲ್ಲೂ ಬರುತ್ತಿತ್ತಂತೆ. ಹಾಲು ಹಾಕದ ಚಾ ಆರಿಸಿ, ಬಟ್ಟೆಯಲ್ಲಿ ಸೋಸಿ, ಗೆರೆಗೆ ಸರಿಯಾಗಿ ತುಂಬಿಸುವುದನ್ನು ಅವರು ಮಳೆಗಾಲದಲ್ಲಿ ಮಾತ್ರ ಮಾಡುತ್ತಿದ್ದರು, ಚಳಿ ತಡೆಯದಿದ್ದಾಗ. ಆಮೇಲಾಮೇಲೆ ಧೈರ್ಯ ಬಂದು ಬೇಸಿಗೆಯಲ್ಲೂ.

"ಒಂದ್ಸಲ ಸಾಹೇಬ್ರು ನೆಂಟರನ್ನ ಕರ್ದು, ಇದು ತುಂಬ ಹಳೇದು, ಇಪ್ಪತ್ತು ವರ್ಷದ್ದು, ಸಣ್ಣಗೆ ಕುಡೀಬೇಕು ಅಂದ್ರು. ಎಲ್ಲ ಕಣ್ಣುಮುಚ್ಚಿ ಕುಡಿದ್ರು. ವಾಸನೆ ನೋಡಿದ್ರು. ಆಹಾ ಅಂದ್ರು. ನಾನು ಟ್ರೇ ಹಿಡ್ಕೊಂಡು ನಿಂತಿದ್ದೆ."

"ಎಷ್ಟು ಚಾ ಇತ್ತಜ್ಜ ಅದ್ರಲ್ಲಿ?"

ಅಜ್ಜ ಕೋಲನ್ನು ಕಟ್ಟೆಗೆ ಒರಗಿಸಿ, ಹೆಬ್ಬೆರಳು ತೋರುಬೆರಳು ಅಗಲಿಸಿ ತೋರಿಸಿದರು. ಸಾಲದೆಂದು ಇನ್ನೂ ಸ್ವಲ್ಪ ಅಗಲಿಸಿದರು. ಅಷ್ಟರಲ್ಲಿ ಕೋಳಿಗಳು ಕಣಕ್ಕೆ ಇಳಿದಿದ್ದವು, ಓಡಿಸುವ ಸ್ಥಿತಿಯಲ್ಲಿ ಇಬ್ಬರೂ ಇರಲಿಲ್ಲ.